ಗಾರೆಕುಂಟೆ

ಕರಿಬಸಪ್ಪ ಬೆಂಗಳೂರಿಗೆ ಬಂದ ಮೊದಲ ಬೇಸಿಗೆಯಲ್ಲೇ ಹೆಂಡತಿಯನ್ನು ಕಳೆದುಕೊಂಡ. ಕನ್ನಡದ ಜಿಲ್ಲೆಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿ, ಬಿಜಾಪುರ ಧಾರವಾಡದ ಕಡೆಯ ನೌಕರರು ಗಂಟುಮೂಟೆ ಕಟ್ಟಿಕೊಂಡು ರಾಜಧಾನಿಗೆ ಬರುತ್ತಿದ್ದ ಕಾಲ. ಅವನು ಮಣ್ಣಿನ ಸರ್ವೆಯವನು. ಗುಂಡಿ ತೋಡಿಸಿ, ಒಳಕ್ಕೆ ಇಳಿದು, ಗೋಡೆಯಲ್ಲಿ ಕಾಣುವ ಪದರಗಳನ್ನು ನೋಡಿ, ಮುಟ್ಟಿ, ಇದು ಇಂಥ ಜಾತಿಯ ನೆಲ, ಇಲ್ಲಿ ಇಂಥದ್ದು ಬೆಳೆದೀತು, ಇಂಥದ್ದು ಬೆಳೆಯದು ಎಂದು ಹೇಳುವುದು ಅವನ ಕೆಲಸ. ಹೊಸಹಳ್ಳಿಯಲ್ಲಿ ಒಂದು ಹೆಂಚಿನ ಮನೆ ಹಿಡಿದು ಗಂಡ ಹೆಂಡತಿ ಸಂಸಾರ ಹೂಡಿದ್ದರು. ಮಕ್ಕಳಿರಲಿಲ್ಲ. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಶಾಂತವ್ವ ಜ್ವರ ಬಂದು ಮಲಗಿದಳು. ಮೊದಲು ಮಾಮೂಲಿ ಜ್ವರವೆಂದರು, ಆಮೇಲೆ ವಿಷಮಶೀತಜ್ವರವೆಂದರು. ಕರಿಬಸಪ್ಪ ರಜೆ ಹಾಕಿ ಪಕ್ಕದಲ್ಲೇ ಕೂತ. ಒಂದು ಮಧ್ಯಾಹ್ನ ಅವಳು ಕಣ್ಣು ತೆರೆದು ಕಿಟಕಿಯ ಕಡೆ ನೋಡಿದಳು, ಮುಚ್ಚಿದಳು, ಮತ್ತೆ ತೆರೆಯಲಿಲ್ಲ.

ಲಿಂಗವಂತರಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಕೊಡುತ್ತಾರೆ. ಅದಕ್ಕೆ ಆಳವಾದ ಗುಂಡಿ ಬೇಕು. ಆದರೆ ಆ ಕಡೆಯಲ್ಲಿ ಅವರಿಗೆ ತಮ್ಮದೆನ್ನುವ ರುದ್ರಭೂಮಿ ಇರಲಿಲ್ಲ. ಬಂದು ಇನ್ನೂ ನಾಲ್ಕು ತಿಂಗಳಾಗಿರಲಿಲ್ಲ, ಯಾರನ್ನು ಕೇಳಬೇಕೆಂಬುದೂ ತಿಳಿಯದು. ಮನೆಯ ಯಜಮಾನರ ನೆಂಟರೊಬ್ಬರು ಸುಂಕದಕಟ್ಟೆಗೂ ನಾಗರಬಾವಿಗೂ ನಡುವಿನ ಒಂದು ಸಣ್ಣ ಹಳ್ಳಿಯ ಪಟೇಲರು. ಊರ ಗೋಮಾಳದ ಒಂದು ಮೂಲೆಯಲ್ಲಿ ಜಾಗ ಕೊಡಲು ಅವರು ಒಪ್ಪಿದರು. ಹೆಣವನ್ನು ಎತ್ತಿನ ಗಾಡಿಯಲ್ಲಿ ಕೂರಿಸಿಕೊಂಡು ಮಾಗಡಿ ರಸ್ತೆಯ ಮೇಲೆ ಹೋದರು.

ಗುಂಡಿ ತೋಡಿದವನು ಆ ಊರಿನ ಮುನಿಯಪ್ಪ. ಬಾವಿ ತೋಡುವುದರಲ್ಲಿ ಕೈ ಪಳಗಿದವನು. ಬೆಳಿಗ್ಗೆಯಿಂದ ಇಬ್ಬರು ಆಳುಗಳ ಜೊತೆ ಅಗೆಯುತ್ತಿದ್ದವನು, ಗುಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವಷ್ಟಾದಾಗ ಹಾರೆ ಕೆಳಗಿಟ್ಟು ನಿಂತುಬಿಟ್ಟ. ಹಾರೆಯ ತುದಿ ಬಾಗಿತ್ತು. ಕೆಳಗೆ ಬಿಳಿಚಿಕೊಂಡ ಒಂದು ಪದರ. ಕಲ್ಲಲ್ಲ, ಮಣ್ಣೂ ಅಲ್ಲ. ಹಾರೆ ಬಿದ್ದರೆ ಕಿಡಿ ಹಾರುತ್ತಿತ್ತು.

"ಇಲ್ಲಿಂದ ಕೆಳಕ್ಕೆ ಗಾರೆ, ಬುದ್ಧಿ," ಎಂದ ಮುನಿಯಪ್ಪ. "ಭೂಮ್ತಾಯಿ ಗಾರೆ ಹಾಕ್ಕೊಂಡವ್ಳೆ. ಈ ಗೋಮಾಳ್ದಾಗೆ ಎಲ್ಲಿ ತೋಡಿದ್ರೂ ಇಷ್ಟೇಯ."

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಗುಂಡಿಯನ್ನು ನೋಡಿ, ಇಷ್ಟು ಆಳ ಸಾಲುತ್ತದೆಯೇ ಎಂದು ಕರಿಬಸಪ್ಪನನ್ನು ಕೇಳಿದರು. ಬಿಸಿಲು ಏರುತ್ತಿತ್ತು. ಬಂದ ನಾಲ್ಕು ಜನ ನೆರಳು ಹುಡುಕುತ್ತಿದ್ದರು. ಕರಿಬಸಪ್ಪ ಗುಂಡಿಯ ಅಂಚಿಗೆ ಹೋಗಿ ಒಳಗೆ ನೋಡಿದ. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡಿದ ಕಣ್ಣು, ಬೇಡವೆಂದರೂ ಓದಿಬಿಟ್ಟಿತು. ಮೇಲೆ ಹುಲ್ಲಿನ ಬೇರು ತುಂಬಿದ ಒಂದು ಗೇಣು ಕಂದು ಮಣ್ಣು. ಅದರ ಕೆಳಗೆ ಜಿಗುಟಾದ ಕಪ್ಪು ಜೇಡಿ, ಬೇಸಿಗೆಗೆ ಬಿರಿದು ಕಂಬಕಂಬವಾಗಿ ನಿಂತದ್ದು. ಅದರ ಕೆಳಗೆ ಬೂದಿ ಬಣ್ಣದ ಜೇಡಿ, ಅದರ ತುಂಬ ತುಕ್ಕಿನ ಕಲೆ, ಸುಣ್ಣದ ಹರಳು. ತಳದಲ್ಲಿ ಗಾರೆ. ಕೆಳಕ್ಕೆ ದಾರಿ ಸಿಗದ ಬೇರುಗಳೆಲ್ಲ ಗಾರೆಯ ಮೇಲೆ ಅಡ್ಡಡ್ಡಲಾಗಿ, ಬಾಚಿ ಹರವಿದ ಕೂದಲಿನ ಹಾಗೆ ಮಲಗಿದ್ದವು. ಬೂದಿ ಬಣ್ಣಕ್ಕೂ ತುಕ್ಕಿನ ಕಲೆಗೂ ಅರ್ಥ ಒಂದೇ: ವರ್ಷ ವರ್ಷವೂ ತಿಂಗಳುಗಟ್ಟಲೆ ಇಲ್ಲಿ ನೀರು ನಿಲ್ಲುತ್ತದೆ. ಅದು ಅವನಿಗೆ ಗೊತ್ತಿತ್ತು. ಹೆಂಡತಿಯ ಹೆಣ ಗಾಡಿಯಲ್ಲಿರುವಾಗ ತಾನು ಮಣ್ಣು ಓದುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಮುಖ ತಿರುಗಿಸಿ, ಸಾಕು ಎಂದುಬಿಟ್ಟ.

ಶಾಂತವ್ವನನ್ನು ಗಾರೆಯ ಮೇಲೆಯೇ ಕೂರಿಸಿದರು. ನೆತ್ತಿಯ ಮೇಲೆ ಮಣ್ಣು ಸಾಲದೆ ಬೇರೆ ಕಡೆಯಿಂದ ಮಂಕರಿಯಲ್ಲಿ ಹೊತ್ತು ತಂದು ಗುಡ್ಡೆ ಹಾಕಿ, ಮೇಲೆ ಚಪ್ಪಡಿ ಇಟ್ಟರು.

ಆ ಮಳೆಗಾಲ ಅವನು ಬೆಂಗಳೂರಿನಲ್ಲಿರಲಿಲ್ಲ. ಮಂಡ್ಯದ ಕಡೆ ಸರ್ವೆ ಹಾಕಿದ್ದರು. ಊರೂರು ತಿರುಗಿ, ಸಿಕ್ಕಲ್ಲಿ ಉಂಡು, ಸಿಕ್ಕಲ್ಲಿ ಮಲಗಿ ದಿನ ತಳ್ಳಿದ. ಮರುವರ್ಷ ಮುಂಗಾರಿಗೆ ಸ್ವಲ್ಪ ಮುಂಚೆ ಮೇಲಧಿಕಾರಿ ಕೃಷ್ಣಯ್ಯನವರು ಕರೆದು ಹೊಸ ಕೆಲಸ ಒಪ್ಪಿಸಿದರು. ಊರು ಪಶ್ಚಿಮಕ್ಕೆ ಬೆಳೆಯುತ್ತಿತ್ತು. ರಾಜಾಜಿನಗರದಲ್ಲಿ ಆಗಲೇ ಮನೆಗಳೂ ಕಾರ್ಖಾನೆಗಳೂ ಎದ್ದಿದ್ದವು. ಹಾಲಿಗೆ ಬೇಡಿಕೆ ಹೆಚ್ಚಿ, ಸುತ್ತಲಿನ ಗೋಮಾಳಗಳಲ್ಲಿ ಮೇವಿನ ಬೆಳೆ ತೆಗೆಯಬಹುದೇ ಎಂದು ಸರ್ಕಾರ ಕೇಳಿತ್ತು. ಯಾವ ಯಾವ ಗೋಮಾಳದ ನೆಲ ಎಂಥದ್ದು ಎಂದು ಗೊತ್ತುಮಾಡಿ ವರ್ಗ ಹಾಕಬೇಕು. ಕೃಷ್ಣಯ್ಯನವರು ಓದಿದ ಹಳ್ಳಿಯ ಹೆಸರುಗಳಲ್ಲಿ ಆ ಹಳ್ಳಿಯೂ ಇತ್ತು. ಅದೊಂದನ್ನು ಬೇರೆಯವರಿಗೆ ಕೊಡಿ ಎಂದು ಕೇಳಬಹುದಿತ್ತು. ಕರಿಬಸಪ್ಪ ಕೇಳಲಿಲ್ಲ.

ಗೋಮಾಳದಲ್ಲಿ ಅವನಿಗೆ ಮೊದಲು ಸಿಕ್ಕಿದವಳು ಹನುಮಕ್ಕ. ಎಪ್ಪತ್ತರ ಹತ್ತಿರದ ಮುದುಕಿ. ಮಕ್ಕಳು ಮೊಮ್ಮಕ್ಕಳು ಮನೆತುಂಬ ಇದ್ದರೂ ದನ ಮೇಯಿಸುವುದನ್ನು ಬಿಟ್ಟಿರಲಿಲ್ಲ. ಹೊಂಗೆಮರದ ಕೆಳಗೆ ಕೂತು ಎಲೆಯಡಿಕೆ ಜಗಿಯುತ್ತ, ಕೂತಲ್ಲಿಂದಲೇ ಒಂದೊಂದು ದನವನ್ನೂ ಹೆಸರು ಹಿಡಿದು ಗದರಿಸುತ್ತಿದ್ದಳು. ಕರಿಬಸಪ್ಪ ತಮ್ಮ ಕಡೆಯ ವಾಡಿಕೆಯಂತೆ ಅವಳನ್ನು 'ಆಯಿ' ಎಂದು ಕರೆದ. ಅವಳಿಗೆ ನಗು ಬಂತು. ಆ ಚಪ್ಪಡಿ ಇಟ್ಟ ಗುಡ್ಡೆ ನಿಮ್ಮೋರದಲ್ಲವಾ ಎಂದು ಅವಳೇ ಕೇಳಿದಳು. ಮಳೆಗೆ ಕುಸಿದ ಮಣ್ಣನ್ನು ಅವಳು ಆಗಾಗ ಎಳೆದು ಹಾಕಿದ್ದಳಂತೆ, ದನ ಅತ್ತ ಹೋಗದಂತೆ ಮುಳ್ಳು ಹಾಕಿದ್ದಳಂತೆ. ಕರಿಬಸಪ್ಪ ಕೈಮುಗಿದ.

ಗೋಮಾಳ ಒಂದು ಕಡೆಗೆ ಸ್ವಲ್ಪ ಇಳಿಜಾರು. ತಗ್ಗಿನಲ್ಲಿ ಒಂದು ಕುಂಟೆ. ಆಗ ಅದು ಒಣಗಿತ್ತು. ಮಳೆ ಹಿಡಿದರೆ ಅದು ತುಂಬುತ್ತದೆ, ತುಂಬಿದರೆ ಶಿವರಾತ್ರಿಯವರೆಗೂ ನೀರು ಬತ್ತುವುದಿಲ್ಲ ಎಂದು ಹನುಮಕ್ಕ ಹೇಳಿದಳು. ಅಕ್ಕಪಕ್ಕದ ಊರಿನ ಕುಂಟೆಗಳು ಸಂಕ್ರಾಂತಿಗೇ ತಳ ಕಾಣುತ್ತವೆ. ಇದು ಮಾತ್ರ ಗಾರೆಯ ದೆಸೆಯಿಂದ ಹಿಡಿದಿಟ್ಟುಕೊಂಡಿರುತ್ತದೆ. ಅದಕ್ಕೇ ಇದಕ್ಕೆ ಗಾರೆಕುಂಟೆ ಅಂತ ಹೆಸರು. ಬೇಸಿಗೆ ಕಾಲಿಟ್ಟಾಗ ಮೂರು ಊರಿನ ದನ ಇಲ್ಲಿಗೇ ಬರುತ್ತವೆ ಎಂದಳು.

ಮುನಿಯಪ್ಪನನ್ನೇ ಕೆಲಸಕ್ಕೆ ಹಚ್ಚಿ ಕರಿಬಸಪ್ಪ ಗುಂಡಿ ತೋಡಿಸತೊಡಗಿದ. ಮೇಲಿನ ತುದಿಯಲ್ಲಿ ಒಂದು, ನಡುವೆ ಒಂದು, ಆಚೆ ಬೇಲಿಯ ಹತ್ತಿರ ಒಂದು. ಎಲ್ಲಿ ತೋಡಿದರೂ ಹಾರೆ ಅದೇ ಆಳಕ್ಕೆ ಹೋಗಿ ದಣ್ ಎಂದು ನಿಲ್ಲುತ್ತಿತ್ತು. ಅವನು ಗುಂಡಿಗಿಳಿದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ ನಾದುತ್ತಿದ್ದ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒತ್ತಿ ಎಳೆದರೆ ಪಟ್ಟಿಯ ಹಾಗೆ ತುಂಡಾಗದೆ ಬರುತ್ತಿತ್ತು, ಅಷ್ಟು ಜಿಗುಟು. ಗಾರೆಯ ಮೇಲೆ ಆಸಿಡ್ ಹನಿಸಿದರೆ ಬುಸುಬುಸು ನೊರೆ. ಪ್ರತಿ ಗುಂಡಿಯಲ್ಲೂ ಅದೇ ಕಂಬಕಂಬದ ಜೇಡಿ, ಅದೇ ತುಕ್ಕಿನ ಕಲೆ, ತಳದಲ್ಲಿ ಅದೇ ಹರವಿದ ಬೇರು. ಒಂದು ಗುಂಡಿ ನೋಡಿದರೆ ಎಲ್ಲ ನೋಡಿದಂತೆ. ಅವನು ಮೊದಲನೆಯದನ್ನು ಹೋದ ವರ್ಷವೇ ನೋಡಿದ್ದ. ಹೊಸ ಗುಂಡಿಗೆ ಇಳಿಯುವಾಗಲೆಲ್ಲ ತಳದ ಒಂದು ಬದಿಗೆ ಅವನ ಕಣ್ಣು ತಾನಾಗಿ ಹೋಗುತ್ತಿತ್ತು, ಅಲ್ಲಿ ಯಾರೋ ಕೂತಿರಬೇಕೆನ್ನುವ ಹಾಗೆ.

ಆಷಾಢ ಕಳೆದ ಮೇಲೆ ಮಳೆ ಹಿಡಿಯಿತು. ನಾಲ್ಕು ದಿನ ಬಿಡದೆ ಸುರಿದು, ಐದನೆಯ ದಿನ ಬಿಸಿಲು ಬಂತು. ಕುಂಟೆ ತುಂಬಿ, ನೀರಿನ ಅಂಚು ಇಳಿಜಾರಿನ ಮೇಲಕ್ಕೆ ಹರಡಿ, ಚಪ್ಪಡಿಯಿಂದ ಹತ್ತಾರು ಮಾರು ದೂರಕ್ಕೆ ಬಂದು ನಿಂತಿತ್ತು. ಮಧ್ಯಾಹ್ನ ಕರಿಬಸಪ್ಪ ಮೇಲಿನ ತುದಿಯ ಗುಂಡಿಯಲ್ಲಿ ಒಬ್ಬನೇ ಇದ್ದ. ಮುನಿಯಪ್ಪ ಉಣ್ಣಲು ಹೋಗಿದ್ದ. ಗೋಡೆಯಿಂದ ಸಣ್ಣಗೆ ನೀರು ಜಿನುಗಿ ಗಾರೆಯ ಮೇಲೆ ಹರಡುತ್ತಿತ್ತು. ಕೈಯಲ್ಲಿ ನಾದಿದ ಮಣ್ಣು ಹಿಡಿದಿದ್ದಾಗ, ಕಿವಿಯ ಹತ್ತಿರವಲ್ಲ, ಮೇಲಿನಿಂದಲೂ ಅಲ್ಲ, ಎದುರಿನ ಮಣ್ಣಿನ ಗೋಡೆಯ ಒಳಗಿನಿಂದ ಶಾಂತವ್ವನ ದನಿ ಬಂತು. ಅಡುಗೆಮನೆಯಿಂದ ಕರೆಯುತ್ತಿದ್ದಳಲ್ಲ, ಅಷ್ಟೇ ಸಹಜವಾಗಿ.

"ರೀ, ಕಾಲು ತೊಯ್ದಾವ್ರೀ."

ಅವನು ಗುಂಡಿಯಿಂದ ಹೇಗೆ ಹತ್ತಿ ಬಂದನೋ ಅವನಿಗೇ ತಿಳಿಯದು. ಚಪ್ಪಡಿಯ ಬಳಿಗೆ ಓಡಿದ. ಗುಡ್ಡೆಯ ಸುತ್ತ ಹುಲ್ಲು ಹಸಿರಾಗಿತ್ತು. ಮೇಲ್ನೋಟಕ್ಕೆ ನೆಲ ಗಟ್ಟಿಯೇ. ಚಪ್ಪಲಿ ಬಿಟ್ಟು ಕಾಲೂರಿ ಒತ್ತಿದರೆ ಹಿಮ್ಮಡಿಯ ಸುತ್ತ ನೀರು ಉಕ್ಕಿ, ಹೆಜ್ಜೆ ಎತ್ತಿದರೆ ಅದರ ಗುರುತು ತುಂಬಿಕೊಂಡಿತು. ನೆಲದೊಳಗೆ ನೀರು ಎಲ್ಲಿಯವರೆಗೆ ಏರಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕೂತವಳ ಎದೆಮಟ್ಟಕ್ಕೆ ಬಂದಿರಬೇಕು.

ಅಲ್ಲಿಂದ ಮುಂದೆ ದನಿ ಬಿಡಲಿಲ್ಲ. ರಾತ್ರಿಯ ಹೊತ್ತು ಹೊಸಹಳ್ಳಿಯ ಮನೆಯಲ್ಲಿ ಏನೂ ಇರಲಿಲ್ಲ. ಹಾಸಿಗೆಯಲ್ಲಿ ಕಿವಿ ನಿಮಿರಿಸಿ ಮಲಗಿದರೂ ಒಂದು ಉಸಿರು ಕೇಳುತ್ತಿರಲಿಲ್ಲ. ಹಗಲು, ಗೋಮಾಳದಲ್ಲಿ, ನೆತ್ತಿಯ ಮೇಲೆ ಸೂರ್ಯ ಇದ್ದಾಗ, ಅವನು ಗುಂಡಿಯಲ್ಲಿ ಒಬ್ಬನೇ ಇದ್ದರೆ ಕೇಳುತ್ತಿತ್ತು. ಕಾಲು ತಣ್ಣಗಾಗಿವೆ. ಸೀರೆ ತೊಯ್ದಿದೆ. ಒಂದು ದಿನ, "ನೀರು ಮ್ಯಾಲೆ ಬರಾಕತ್ತೈತ್ರೀ, ಎಲ್ಲಿ ಸರಿದು ಕೂಡಲಿ?" ಎಂದಳು. ಅಳುವ ದನಿಯಲ್ಲ, ದೂರುವ ದನಿಯೂ ಅಲ್ಲ. ಅವನು ದಾರಿ ಹೇಳುತ್ತಾನೆ ಎಂದು ನಂಬಿ ಕೇಳುವ ದನಿ. ಅದನ್ನೇ ಅವನಿಂದ ತಾಳಿಕೊಳ್ಳಲಾಗಲಿಲ್ಲ. ಅನ್ನ ಸೇರುತ್ತಿರಲಿಲ್ಲ. ಊಟಕ್ಕೆ ಕೂತರೆ ಅಂಗೈಯಲ್ಲಿ ಜೇಡಿಯ ವಾಸನೆ.

ಕಚೇರಿಯಲ್ಲಿ ಕೃಷ್ಣಯ್ಯನವರು ಗಾರೆಯ ಸಂಗತಿ ಕೇಳಿ ಉತ್ಸಾಹಗೊಂಡರು. ಅವರು ಕೆಟ್ಟ ಮನುಷ್ಯರಲ್ಲ, ಕೆಲಸದಲ್ಲಿ ಆಸಕ್ತಿ ಉಳ್ಳವರು. ಆ ಗಟ್ಟಿ ಪದರ ಒಂದಿಲ್ಲದಿದ್ದರೆ ನೀರು ಕೆಳಗಿಳಿದು, ಬೇರು ಆಳಕ್ಕೆ ಹೋಗಿ, ಮುಸುಕಿನ ಜೋಳ ಹಾಕುವಂಥ ಎರಡನೆಯ ದರ್ಜೆಯ ನೆಲವಾದೀತು ಎಂಬುದು ಅವರ ಎಣಿಕೆ. ಒಂದು ಕಡೆ ಪದರವನ್ನು ಒಡೆದು ನೋಡಿ, ನೀರು ಇಳಿಯುತ್ತದೆಯೋ ಇಲ್ಲವೋ ತಿಳಿಸಿ ಎಂದರು. ಎಲ್ಲಿ ಒಡೆಯಬೇಕು ಎಂಬುದನ್ನು ಅವನಿಗೇ ಬಿಟ್ಟರು. ಸರ್ಕಾರವೇ ಹೇಳಿದ ಮೇಲೆ ಇನ್ನೇನು ಎಂದುಕೊಂಡ ಕರಿಬಸಪ್ಪ.

ಅವನು ಗೊತ್ತುಮಾಡಿದ ಜಾಗ ಚಪ್ಪಡಿಗೂ ಕುಂಟೆಗೂ ನಡುವಿನದು. ಮುನಿಯಪ್ಪ ಜೇಡಿಯನ್ನೆಲ್ಲ ಅಗೆದು, ನೀರು ಮೊಗೆದು ಹಾಕಿ, ಗಾರೆ ಕಾಣುವವರೆಗೂ ತೋಡಿದ. ಅದನ್ನೂ ಒಡೆಯಬೇಕು ಎಂದಾಗ ಹಾರೆಯನ್ನು ಗೋಡೆಗೆ ಒರಗಿಸಿ ಮೇಲೆ ಹತ್ತಿ ಬಂದ.

"ಗಾರೆ ಒಡೆದ್ರೆ ಕುಂಟೆ ಉಳೀತದಾ ಬುದ್ಧಿ?"

ಸಣ್ಣ ತೂತು, ಪರೀಕ್ಷೆಗೆ, ಆಮೇಲೆ ಮುಚ್ಚಿಬಿಡೋಣ ಎಂದು ಕರಿಬಸಪ್ಪ ಸಮಜಾಯಿಷಿ ಹೇಳಿದ. ಮುನಿಯಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಹೊಂಗೆಮರದ ಕಡೆ ನಡೆದುಬಿಟ್ಟ. ಕರಿಬಸಪ್ಪ ಅಂಗಿ ತೆಗೆದಿಟ್ಟು ತಾನೇ ಗುಂಡಿಗಿಳಿದ.

ಹಾರೆ ಎತ್ತಿ ಹಾಕಿದ, ಎತ್ತಿ ಹಾಕಿದ. ಅಂಗೈ ಬೊಬ್ಬೆ ಬಂದು ಒಡೆಯಿತು. ಬಿಳಿ ಚಕ್ಕೆ ಎದ್ದು ಮುಖಕ್ಕೆ ಹೊಡೆಯುತ್ತಿತ್ತು. ಸಂಜೆಯ ಬಿಸಿಲು ಓರೆಯಾಗುವ ಹೊತ್ತಿಗೆ ಸದ್ದು ಬದಲಾಯಿತು. ದಣ್ ಎನ್ನುತ್ತಿದ್ದದ್ದು ದಬ್ ಎಂದಿತು. ಇನ್ನೊಂದು ಪೆಟ್ಟಿಗೆ ಹಾರೆ ಮೊಳದುದ್ದ ಕೆಳಗೆ ಜಾರಿತು. ಅಡಿಯಲ್ಲಿ ಸಡಿಲ ಗರಸು. ಪಾದದ ಸುತ್ತ ನಿಂತಿದ್ದ ನೀರು ಒಂದು ಸುತ್ತು ತಿರುಗಿ, ತೇಗಿದಂತೆ ಸದ್ದು ಮಾಡಿ, ಇಳಿದುಹೋಯಿತು. ಗೋಡೆಯಿಂದ ಜಿನುಗುತ್ತಿದ್ದ ನೀರೂ ಅದರ ಹಿಂದೆಯೇ ಎಳೆಯಾಗಿ ಹರಿಯತೊಡಗಿತು. ಕರಿಬಸಪ್ಪ ಮಣ್ಣಿಗೆ ಬೆನ್ನು ಕೊಟ್ಟು ಕೂತು, ಆ ಸದ್ದನ್ನು ಕೇಳುತ್ತ, ಹೆಂಡತಿ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತ.

ದನಿ ನಿಂತಿತು. ಮರುದಿನ ಮಧ್ಯಾಹ್ನ ಕಾದ, ಇಲ್ಲ. ಅದರ ಮರುದಿನವೂ ಇಲ್ಲ. ಚಪ್ಪಡಿಯ ಸುತ್ತ ಕಾಲೂರಿದರೆ ನೆಲ ಬಿಗಿಯಾಗಿತ್ತು. ಅವನು ಹೊಟ್ಟೆತುಂಬ ಉಂಡ, ಬೆಳಗಾಗುವವರೆಗೆ ನಿದ್ದೆ ಮಾಡಿದ. ಗುಂಡಿ ಮುಚ್ಚಿಸಬೇಕೆಂದು ನೆನಪಿತ್ತು. ಇನ್ನು ಎರಡು ದಿನ ನೋಡೋಣ, ಪೂರ್ತಿ ಒಣಗಲಿ ಎಂದು ತಳ್ಳಿದ.

ಅಷ್ಟರಲ್ಲಿ ಹಿಂಗಾರಿನ ದೊಡ್ಡ ಮಳೆ ಬಂತು. ಕುಂಟೆಯ ನೀರು ಉಕ್ಕಿ, ಗುಂಡಿಗೂ ಕುಂಟೆಗೂ ನಡುವೆ ಉಳಿದಿದ್ದ ಮಣ್ಣನ್ನು ಕೊಚ್ಚಿಕೊಂಡು ಒಳಗೆ ನುಗ್ಗಿತು. ಕರಿಬಸಪ್ಪ ಬಂದು ನೋಡುವಾಗ ತೂತು ಗಾಡಿಯ ಚಕ್ರದಷ್ಟು ಅಗಲವಾಗಿತ್ತು. ಕಲ್ಲು ತುಂಬಿದ, ಮಣ್ಣು ಹಾಕಿದ; ಹಾಕಿದ್ದನ್ನೆಲ್ಲ ಅದು ನುಂಗಿತು. ಬೇರೆ ಊರಿನ ಕುಂಟೆಗಳು ಕಟ್ಟೆ ಮುಟ್ಟಿ ನಿಂತಿದ್ದ ದೀಪಾವಳಿಯ ಹೊತ್ತಿಗೆ ಗಾರೆಕುಂಟೆಯ ತಳ ಬಿರಿಯುತ್ತಿತ್ತು.

ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಯಾರೋ ನಿಧಿಯ ಆಸೆಗೆ ಅಗೆದಿದ್ದಾರೆ ಎಂದರು. ದೇವರಿಗೆ ಎಡೆ ತಪ್ಪಿತು ಎಂದರು. ಮುನಿಯಪ್ಪ ಬಾಯಿ ಬಿಡಲಿಲ್ಲ, ಕರಿಬಸಪ್ಪನ ಮುಖವನ್ನೂ ನೋಡಲಿಲ್ಲ. ದನಗಳಿಗೆ ಮಾತ್ರ ಯಾರೂ ಏನೂ ಹೇಳುವಂತಿರಲಿಲ್ಲ. ಅವು ಹೊತ್ತಿಗೆ ಸರಿಯಾಗಿ ಇಳಿಜಾರು ಇಳಿದು ಬಂದು, ಒಣಗಿದ ಕೆಸರಿನಲ್ಲಿ ಸಾಲಾಗಿ ನಿಂತು, ಮೂಗು ಚಾಚಿ, ಹಾಗೇ ನಿಂತಿರುತ್ತಿದ್ದವು. ಕೂಗುತ್ತಿರಲಿಲ್ಲ. ಹೊಡೆದು ಅಟ್ಟಿದರೂ ನಾಲ್ಕು ಹೆಜ್ಜೆ ಹೋಗಿ ಮತ್ತೆ ತಿರುಗಿ ಬರುತ್ತಿದ್ದವು.

ಸರ್ವೆ ಕೆಲಸ ಮುಗಿಯುತ್ತ ಬಂದಿದ್ದ ಒಂದು ದಿನ ಕರಿಬಸಪ್ಪ ಹೊಂಗೆಮರದ ಕೆಳಗೆ ಹೋಗಿ ಹನುಮಕ್ಕನ ಹತ್ತಿರ ಕೂತ. ಅವಳ ಬಾಯಲ್ಲಿ ಎಲೆಯಡಿಕೆ ಇರಲಿಲ್ಲ.

"ಈ ವರ್ಸ ನಮ್ಮವ್ವ ಮಾತಾಡ್ಲಿಲ್ಲ," ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಅವಳು ನಿಧಾನವಾಗಿ ಹೇಳಿದಳು. ಅವಳು ಸಣ್ಣವಳಿದ್ದಾಗ ಊರಿಗೆ ಪ್ಲೇಗು ಬಂದಿತ್ತು. ಇಲಿ ಬಿದ್ದವೆಂದು ಊರಿಗೆ ಊರೇ ಮನೆ ಬಿಟ್ಟು ಈ ಗೋಮಾಳದಲ್ಲಿ ಗುಡಿಸಲು ಹಾಕಿಕೊಂಡಿತು. ರೋಗ ಇಲ್ಲಿಗೂ ಬಂತು. ಅವಳ ತಾಯಿ, ಒಬ್ಬ ತಮ್ಮ, ಇನ್ನೂ ಎಷ್ಟೋ ಜನ. ಹೂಳುವುದಕ್ಕೆ ಗಂಡಸರಿಗೆ ಮೈಯಲ್ಲಿ ಕಸುವಿರಲಿಲ್ಲ. ಕಸುವಿದ್ದವರು ತೋಡಿದರೂ ಗಾರೆ ಸಿಕ್ಕಿ ಅಲ್ಲಿಗೇ ನಿಂತಿತು. ಕುಂಟೆಯ ಸುತ್ತಮುತ್ತ ಎಲ್ಲ ಅವರೇ ಇದ್ದಾರೆ. ಮಳೆ ಬಂದು ನೆಲ ನೆನೆದರೆ, ದನ ಕಾಯುತ್ತ ಕೂತವಳಿಗೆ ತಾಯಿಯ ಮಾತು ಕೇಳುತ್ತಿತ್ತು. ಮೊದಮೊದಲು ಹೆದರಿ ಈ ಕಡೆ ಬರುತ್ತಲೇ ಇರಲಿಲ್ಲ. ಆಮೇಲೆ ಮದುವೆಯಾಗಿ, ಮಕ್ಕಳಾಗಿ, ತಾಯಿ ಸತ್ತ ವಯಸ್ಸನ್ನು ತಾನೂ ದಾಟಿದ ಮೇಲೆ ಹೆದರಿಕೆ ಹೋಯಿತು.

"ಏನ್ ಹೇಳ್ತಾರ ಆಯಿ ಅವರು?"

"ಏನೈತೆ, ತಣ್ಣಗೈತೆ ಅಂತಾಳೆ, ನೀರು ಅಂತಾಳೆ, ದನ ಎಲ್ಲೋದೋ ನೋಡು ಅಂತಾಳೆ. ಬದುಕಿದ್ದಾಗ ಅಂತಿದ್ದಂಗೇಯ." ಅವಳು ಕುಂಟೆಯ ಕಡೆ ನೋಡಿದಳು. "ಈ ವರ್ಸ ಒಬ್ರೂ ಉಸ್ರಿಲ್ಲ. ಅರವತ್ತು ವರ್ಸ ಇದ್ದೋರು, ಎಲ್ಲಿಗೋದ್ರೋ."

ಕರಿಬಸಪ್ಪ ತಾನು ಒಬ್ಬಳನ್ನು ಮಾತ್ರ ನೀರಿನಿಂದ ಬಿಡಿಸಿದೆ ಎಂದುಕೊಂಡಿದ್ದ. ಅವನು ಎಲ್ಲವನ್ನೂ ಹೇಳಿದ. ಶಾಂತವ್ವನ ದನಿ ಕೇಳಿದ್ದು, ಹಾರೆ ಹಿಡಿದದ್ದು, ಮುಚ್ಚದೆ ಬಿಟ್ಟದ್ದು. ಹನುಮಕ್ಕ ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ.

"ಈಗ ನಿಮ್ಮೋರು ಮಾತಾಡ್ತಾರಾ?"

"ಇಲ್ರಿ. ಒಂದು ಮಾತಿಲ್ಲ."

"ನಿಮ್ಗೆ ಬೇಕಾಗಿದ್ದೂ ಅದೇ ಅಲ್ವಾ ಸ್ವಾಮಿ."

ದನಿ ನಿಂತ ಮೇಲಿನ ದಿನಗಳು ಹೇಗಿದ್ದವು ಎಂದು ಆಗಲೇ ಅವನು ಮೊದಲ ಸಲ ನೆನೆದ. ಚೆನ್ನಾಗಿ ಉಂಡಿದ್ದ, ಚೆನ್ನಾಗಿ ಮಲಗಿದ್ದ. ಆದರೆ ಮಧ್ಯಾಹ್ನವಾದರೆ ಕೆಲಸ ಬಿಟ್ಟು ಗುಂಡಿಯ ಗೋಡೆಗೆ ಕಿವಿ ಹಚ್ಚಿ ನಿಲ್ಲುತ್ತಿದ್ದನಲ್ಲ, ಅದು ಯಾಕೆ? ಅವಳು ಸತ್ತದ್ದು ಹೋದ ವರ್ಷ. ಹೋಗಿಬಿಟ್ಟದ್ದು ಈಗ.

ಊರಿನವರ ಮುಂದೆ ಅವನೇ ಹೋಗಿ ಒಪ್ಪಿಕೊಳ್ಳಬೇಕೆಂದು ಹನುಮಕ್ಕ ಹೇಳಿದಳು. ಪಟೇಲರ ಜಗಲಿಯ ಮೇಲೆ ಜನ ಸೇರಿದರು. ಕರಿಬಸಪ್ಪ ದನಿಯ ಸಂಗತಿ ಬಿಟ್ಟು, ಗಾರೆ ಒಡೆದವನು ನಾನೇ ಎಂದಷ್ಟು ಹೇಳಿದ. ಕೆಲವರು ಮೇಲಕ್ಕೆ ಅರ್ಜಿ ಕೊಡಬೇಕೆಂದು ಎದ್ದು ನಿಂತರು. ಒಬ್ಬ ಮುದುಕ, ಹೆಣಕ್ಕೆ ಜಾಗ ಕೊಟ್ಟದ್ದಕ್ಕೆ ಒಳ್ಳೆ ಬಾಡಿಗೆ ಕೊಟ್ಟಿರಿ ಎಂದ. ಪಟೇಲರು ಎಲ್ಲ ಕೇಳಿ, ಅರ್ಜಿಯಿಂದ ಕುಂಟೆಯಲ್ಲಿ ನೀರು ನಿಲ್ಲುವುದಿಲ್ಲ, ಮುಚ್ಚುವ ಉಪಾಯ ಗೊತ್ತಿದ್ದರೆ ಹೇಳಲಿ ಎಂದರು.

ಉಪಾಯ ಅವನಿಗೆ ಗೊತ್ತಿತ್ತು. ಮಾಘ ಮಾಸದಲ್ಲಿ ನೆಲ ಪೂರ್ತಿ ಒಣಗಿದ ಮೇಲೆ ಕೆಲಸ ಹಿಡಿದರು. ತೂತಿನ ಬಾಯಿಗೆ ದಪ್ಪ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ಸುಣ್ಣ. ಅದರ ಮೇಲೆ ಜೇಡಿ. ಆದರೆ ಯಾವುದೋ ಒಂದು ಜೇಡಿಯಾದರೆ ಆಗದು. ಗಾರೆಗೆ ತಾಗಿದಂತೆ ಮೇಲಿರುವ ಬೂದಿ ಬಣ್ಣದ್ದೇ ಆಗಬೇಕು, ಅದರಷ್ಟು ನೀರು ತಡೆಯುವುದು ಇನ್ನೊಂದಿಲ್ಲ. ಅದನ್ನು ಹಳೆಯ ಸರ್ವೆ ಗುಂಡಿಗಳಿಂದ ತೋಡಿ ತಂದು, ನೀರು ಹಾಕಿ ಹದಮಾಡಿ, ಒಂದೊಂದು ಪದರ ಹರಡಿದ ಹಾಗೆಲ್ಲ ದನ ಬಿಟ್ಟು ತುಳಿಸಿದರು. ಮುನಿಯಪ್ಪ ಕರೆಯದೆಯೇ ಬಂದ. ನೆಲ ಬಡಿಯುವ ದಿಮ್ಮಿಸಿನ ಪೆಟ್ಟು ಹಾಕುತ್ತ, ಎಲ್ಲಿ ಮೆತ್ತಗಿದೆ ಎಂದು ಕಾಲಿನಲ್ಲೇ ತಿಳಿದು ತೋರಿಸುತ್ತಿದ್ದ. ಕರಿಬಸಪ್ಪ ಮೊಳಕಾಲವರೆಗೆ ಕೆಸರಾಗಿ ದನಗಳ ನಡುವೆ ತುಳಿದ. ಪ್ರತಿ ಪದರ ಏರಿದ ಹಾಗೂ ತಾನು ಹೆಂಡತಿಯ ಮನೆಗೆ ಮತ್ತೆ ನೀರು ಕಟ್ಟುತ್ತಿದ್ದೇನೆ ಎಂಬುದನ್ನು ಮರೆಯಲಾಗಲಿಲ್ಲ. ತುಳಿಯುವುದನ್ನು ನಿಲ್ಲಿಸಲೂ ಇಲ್ಲ.

ಕೃಷ್ಣಯ್ಯನವರಿಗೆ ಅವನು ಕೊಟ್ಟ ವರದಿ ಹಿಡಿಸಲಿಲ್ಲ. ಆ ನೆಲ ಹುಲ್ಲಿಗೆ ಮಾತ್ರ, ಉಳಬಾರದು, ಅಡಿಯ ಪದರವನ್ನು ಒಡೆಯಬಾರದು, ಒಡೆದರೆ ಬರುವ ಲಾಭಕ್ಕಿಂತ ಹೋಗುವ ನೀರು ದೊಡ್ಡದು ಎಂದು ಅವನು ಹೇಳಿದ್ದ. ಪರೀಕ್ಷೆಯಲ್ಲಿ ನೀರು ಇಳಿಯಿತಲ್ಲ ಎಂದು ಅವರು ವಾದಿಸಿದರು. ಇಳಿದದ್ದನ್ನು ಕಂಡೇ ಹೇಳುತ್ತಿದ್ದೇನೆ ಎಂದ ಕರಿಬಸಪ್ಪ. ಅವನ ಮುಖದಲ್ಲಿ ಏನು ಕಂಡರೋ, ಅವರು ವರದಿಗೆ ಸಹಿ ಹಾಕಿದರು. ಹೊಸ ಜಾತಿಯ ಮಣ್ಣಿಗೆ ಅದು ಸಿಕ್ಕ ಊರಿನ ಹೆಸರಿಡುವುದು ರೂಢಿ. ಅವನು ಕುಂಟೆಯ ಹೆಸರನ್ನೇ ಇಟ್ಟ.

ಮರುವರ್ಷ ಮಳೆ ತಡವಾಗಿ ಬಂದರೂ ಚೆನ್ನಾಗಿ ಬಂತು. ಕುಂಟೆ ತುಂಬಿತು. ಮೊದಲಿನಷ್ಟು ಮೇಲಕ್ಕೆ ಹರಡಲಿಲ್ಲ, ಎಲ್ಲೋ ಸ್ವಲ್ಪ ಸೋರುತ್ತಿದ್ದಿರಬೇಕು, ಆದರೂ ನಿಂತಿತು. ಕರಿಬಸಪ್ಪನಿಗೆ ಅಲ್ಲಿ ಕೆಲಸವೇನೂ ಉಳಿದಿರಲಿಲ್ಲ. ಸೋಮವಾರ ಸೋಮವಾರ ಬಿಲ್ವಪತ್ರೆ ತೆಗೆದುಕೊಂಡು ಸೈಕಲ್ಲಿನಲ್ಲಿ ಬಂದು, ಚಪ್ಪಡಿಯ ಮೇಲಿಟ್ಟು, ಮಧ್ಯಾಹ್ನದವರೆಗೆ ಕೂರುತ್ತಿದ್ದ. ಕಾಲೂರಿದರೆ ಹೆಜ್ಜೆಯಲ್ಲಿ ನೀರು ತುಂಬುತ್ತಿತ್ತು. ಕಪ್ಪೆ ಕೂಗುತ್ತಿದ್ದವು. ಬೇರೇನೂ ಇಲ್ಲ. ಶ್ರಾವಣ ಕಳೆಯಿತು, ಭಾದ್ರಪದ ಬಂತು.

ತನ್ನ ತಾಯಿ ಮಾತಾಡಿದಳೆಂದು ಹನುಮಕ್ಕ ಹೇಳಿದ್ದು ಗೌರಿಹಬ್ಬದ ಮರುವಾರ. ಬಾಯಲ್ಲಿ ಎಲೆಯಡಿಕೆ ತುಂಬಿಕೊಂಡಿದ್ದಳು. ಕ್ಷೀಣವಾಗಿದೆ ದನಿ, ದೂರ ಹೋಗಿ ಬಂದವರ ಹಾಗೆ ಆಯಾಸಪಟ್ಟುಕೊಳ್ಳುತ್ತಾಳೆ ಎಂದಳು. ಕರಿಬಸಪ್ಪ ಸಂತೋಷಪಡಲು ನೋಡಿದ. ತನ್ನವಳ ಒಂದು ಮಾತೂ ಕೇಳಿಸುತ್ತಿಲ್ಲ ಎಂಬುದನ್ನು ಮುಚ್ಚಿಟ್ಟ. ಮುದುಕಿಗೆ ಅದು ತಿಳಿದೇ ಇತ್ತು.

"ನಮ್ಮವ್ವ ಅಂತಾಳೆ, ಅಲ್ಲೊಬ್ಳು ಹೊಸಬಳು ಕುಂತವ್ಳಂತೆ," ಎಂದಳು. "ಅವಳ ಮಾತು ಇವರ್ಗೆ ತಿಳ್ಯಾಕಿಲ್ವಂತೆ, ಇವರ್ದು ಅವಳ್ಗೆ ತಿಳ್ಯಾಕಿಲ್ವಂತೆ. ಆದ್ರೂವೆ ಮಾತಾಡ್ಕೊಂಡೇ ಇರ್ತಾರಂತೆ, ಹೊತ್ತು ಮುಳುಗಿದ್ರೂ."

ಕರಿಬಸಪ್ಪ ಅವಳ ಮುಖವನ್ನೇ ನೋಡಿದ. ಸಮಾಧಾನಕ್ಕೆ ಹೇಳಿದಳೋ, ಕೇಳಿದ್ದನ್ನೇ ಹೇಳಿದಳೋ, ಆ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಏನು ಮಾತಾಡಿಕೊಳ್ಳುತ್ತಾರೆ ಎಂದು ಕೇಳಿದ. ಹೆಂಗಸರ ಮಾತು, ಅದನ್ನು ತಾನ್ಯಾಕೆ ಕೇಳುವುದು ಎಂದು ಹನುಮಕ್ಕ ಪಕ್ಕಕ್ಕೆ ಉಗುಳಿ, ಕೋಲೂರಿ ಎದ್ದಳು. ಇಳಿಜಾರಿನ ಮೇಲಿಂದ ದನಗಳು ನೀರಿಗೆ ಬರುತ್ತಿದ್ದವು. ಅವಕ್ಕೆ ದಾರಿ ಬಿಡಲು ಅವನೂ ಎದ್ದು, ಸೈಕಲ್ಲನ್ನು ಪಕ್ಕಕ್ಕೆ ಸರಿಸಿಕೊಂಡು ನಿಂತ.